ಕಾರ್ಬನ್ ಬಾಣದ ಕೋಲು: ಬೆಲೆಗೆ ತಕ್ಕ ಗುಣ ಎಲ್ಲಿದೆ?

ಕಾರ್ಬನ್ ಬಾಣದ ಕೋಲು ಎಂದರೆ ಇಂಗಾಲದ ನಾರನ್ನು ಎಪಾಕ್ಸಿ ರಾಳದೊಂದಿಗೆ ಸುತ್ತಿ, ಬೇಯಿಸಿ, ಉಜ್ಜಿ ಮಾಡಿದ ಟೊಳ್ಳು ಕೊಳವೆ. ಅಂಗಡಿಗೆ ಬರುವಾಗ ಅದರ ಉದ್ದ ಸಾಮಾನ್ಯವಾಗಿ 30ರಿಂದ 33 ಅಂಗುಲ. ತೂಕ ಅಂಗುಲಕ್ಕೆ 7ರಿಂದ 11 ಗ್ರೇನ್. ಬಿಲ್ಲುಗಾರರು ಇಂದಿಗೂ ಬಳಸುವ ಈ ಹಳೆಯ ಅಳತೆಯಲ್ಲಿ 7,000 ಗ್ರೇನ್ ಸೇರಿದರೆ ಒಂದು ಪೌಂಡ್, ಅಂದರೆ ಒಂದು ಗ್ರೇನ್ ಸುಮಾರು 65 ಮಿಲಿಗ್ರಾಂ. ಕೋಲಿನ ಹಿಂತುದಿಗೆ ಹೆದೆಯನ್ನು ಕಚ್ಚುವ ನಾಕ್, ಅದರ ಮುಂದೆ ಮೂರೋ ನಾಲ್ಕೋ ಗರಿ, ಮುಂತುದಿಯಲ್ಲಿ ಅಂಟಿಸಿದ ಲೋಹದ ಇನ್ಸರ್ಟ್, ಅದಕ್ಕೆ ತಿರುಗಿಸಿ ಕೂರಿಸುವ ಮೊನೆ, ಇಷ್ಟು ಸೇರಿದರೆ ಬಾಣ ಸಿದ್ಧ. ಬಿಲ್ಲುಬೇಟೆ ಕಾನೂನುಬದ್ಧವಾಗಿರುವ ಅಮೆರಿಕದ ಅಂಗಡಿಗಳಲ್ಲಿ ಇಂಥ ಬರಿಯ ಕೋಲು ಡಜನ್‌ಗೆ 100 ಡಾಲರ್‌ಗಿಂತ ಕಡಿಮೆಗೂ ಸಿಗುತ್ತದೆ, 200 ಡಾಲರ್ ದಾಟಿದ್ದೂ ಇದೆ. ಈ ಅಂತರದ ದೊಡ್ಡ ಪಾಲು ಹೋಗುವುದು ಡಬ್ಬಿಯ ಮೇಲೆ ಎದ್ದು ಕಾಣುವಂತೆ ಅಚ್ಚಾದ ನೇರತನದ ಅಂಕಿಗೆ. ಬೇಟೆಯ ದೂರದಲ್ಲಿ ಬಾಣ ಎಲ್ಲಿ ನಾಟುತ್ತದೆ, ಎಷ್ಟು ಆಳಕ್ಕೆ ಇಳಿಯುತ್ತದೆ ಎಂಬುದನ್ನು ತೀರ್ಮಾನಿಸುವ ಗುಣಗಳು ಬೇರೆಯೇ ಇವೆ. ಅವುಗಳಲ್ಲಿ ಹಲವಕ್ಕೆ ಹೆಚ್ಚಿನ ಹಣವೇ ಬೇಕಿಲ್ಲ.

ಅಮೆರಿಕದಲ್ಲಿ ಆಧುನಿಕ ಬಿಲ್ಲುಬೇಟೆ ಮರದ ಬಾಣದಿಂದ ಶುರುವಾಯಿತು. ಕ್ಯಾಲಿಫೋರ್ನಿಯಾದ ಯಾಹಿ ಜನಾಂಗದ ಕೊನೆಯ ವ್ಯಕ್ತಿ ಎನ್ನಲಾಗುವ ಇಶಿಯಿಂದ ಬಿಲ್ಲುವಿದ್ಯೆ ಕಲಿತ ವೈದ್ಯ ಸ್ಯಾಕ್ಸ್‌ಟನ್ ಪೋಪ್ ಬಳಸಿದ್ದು ಮರದ ಕೋಲನ್ನೇ. 1922ರಲ್ಲಿ ಅದೇ ರಾಜ್ಯದಲ್ಲಿ ಮರದ ಬಾಣ ಮಾಡತೊಡಗಿದ ಡಗ್ ಈಸ್ಟನ್, ಒಂದು ಮರದ ಕೋಲಿನಂತೆ ಇನ್ನೊಂದು ಇರುವುದಿಲ್ಲ ಎಂಬ ಕಾರಣಕ್ಕೆ 1939ರಲ್ಲಿ ಅಲ್ಯೂಮಿನಿಯಂ ಕೊಳವೆಯತ್ತ ತಿರುಗಿದರು. ಅಲ್ಯೂಮಿನಿಯಂ ಕೋಲು ಅಚ್ಚುಕಟ್ಟು, ಒಂದರಂತೆ ಇನ್ನೊಂದು. ಆದರೆ ಒಮ್ಮೆ ಬಾಗಿದರೆ ಬಾಗಿದ್ದೇ. ಕಾರ್ಬನ್ ಗೆದ್ದದ್ದು ಇಲ್ಲಿ. ಅದು ಬಾಗಿದರೆ ಹಿಂದಿನ ಸ್ಥಿತಿಗೆ ಮರಳುತ್ತದೆ, ಇಲ್ಲವೇ ಮುರಿಯುತ್ತದೆ. ನಡುವಿನ ಅವಸ್ಥೆ ಅದಕ್ಕಿಲ್ಲ. 1980ರ ದಶಕದ ಮೊದಲ ಕಾರ್ಬನ್ ಕೋಲುಗಳಲ್ಲಿ ನಾರೆಲ್ಲ ಉದ್ದಕ್ಕೇ ಸಾಗುತ್ತಿತ್ತು. ಅವು ತೆಳ್ಳಗಿದ್ದವು, ವೇಗವಾಗಿದ್ದವು, ಆದರೆ ಅಡ್ಡಪೆಟ್ಟು ಬಿದ್ದರೆ ಉದ್ದುದ್ದ ಸೀಳುತ್ತಿದ್ದವು. ಆಮೇಲೆ ಬಂದ ಸುತ್ತುವ ವಿಧಾನ ಈ ಕುಂದನ್ನು ಬಹುಮಟ್ಟಿಗೆ ನೀಗಿತು.

ಆ ವಿಧಾನ ತಿಳಿದರೆ ಬೆಲೆಯ ಗುಟ್ಟೂ ತಿಳಿಯುತ್ತದೆ. ರಾಳ ಸವರಿದ ಕಾರ್ಬನ್ ನಾರಿನ ಹಾಳೆಯನ್ನು ಅಳತೆಗೆ ಕತ್ತರಿಸಿ, ನುಣುಪಾದ ಉಕ್ಕಿನ ಸರಳಿನ ಮೇಲೆ ಬಿಗಿಯಾಗಿ ಸುತ್ತುತ್ತಾರೆ. ಕೆಲವು ಪದರಗಳಲ್ಲಿ ನಾರು ಉದ್ದಕ್ಕೆ, ಕೆಲವಲ್ಲಿ ಅಡ್ಡಕ್ಕೆ ಅಥವಾ ಓರೆಯಾಗಿ ಇರುತ್ತದೆ. ಮೇಲೆ ತೆಳುವಾದ ಪಟ್ಟಿ ಸುತ್ತಿ ಒಲೆಯಲ್ಲಿ ಬೇಯಿಸಿದಾಗ ರಾಳ ಗಟ್ಟಿಯಾಗುತ್ತದೆ. ಸರಳನ್ನು ಎಳೆದು ತೆಗೆದು, ಪಟ್ಟಿ ಬಿಚ್ಚಿ, ಹೊರಮೈಯನ್ನು ಯಂತ್ರದಲ್ಲಿ ಉಜ್ಜಿ ಅಳತೆಗೆ ತರುತ್ತಾರೆ. ಕೊನೆಯ ಹಂತ ವಿಂಗಡಣೆ. ಒಂದೇ ಒಲೆಯಿಂದ ಬಂದ ಕೋಲುಗಳಲ್ಲೇ ಕೆಲವು ಹೆಚ್ಚು ನೇರ, ಕೆಲವು ಸ್ವಲ್ಪ ಕಡಿಮೆ ನೇರ. ಅವನ್ನು ಅಳೆದು ಮೂರು ರಾಶಿ ಮಾಡಿ ಮೂರು ಹೆಸರು, ಮೂರು ಬೆಲೆ ಇಡುವುದು ಈ ಉದ್ಯಮದ ರೂಢಿ. ಗೋಲ್ಡ್ ಟಿಪ್ ಕಂಪನಿಯ ಹಂಟರ್ ಸರಣಿ ಇದಕ್ಕೆ ಒಳ್ಳೆಯ ಉದಾಹರಣೆ. ಬರೀ ಹಂಟರ್ ಎಂಬುದರ ನೇರತನ ±0.006 ಅಂಗುಲ, ಹಂಟರ್ ಎಕ್ಸ್‌ಟಿಯದು ±0.003, ಹಂಟರ್ ಪ್ರೊದ್ದು ±0.001. ನಾರು ಅದೇ, ಗೋಡೆಯ ದಪ್ಪ ಅದೇ. ಇಂಥ ಸರಣಿಯಲ್ಲಿ ಮೇಲಿನ ದರ್ಜೆಗೆ ಹೆಚ್ಚು ಕೊಟ್ಟವರು ಕೊಳ್ಳುವುದು ಹೆಚ್ಚು ಗಟ್ಟಿಯಾದ ಕೋಲನ್ನಲ್ಲ, ಹೆಚ್ಚು ಕಟ್ಟುನಿಟ್ಟಾದ ವಿಂಗಡಣೆಯನ್ನು.

ನೇರತನಕ್ಕಿಂತ ಮೊದಲು ನೋಡಬೇಕಾದದ್ದು ಸ್ಪೈನ್, ಅಂದರೆ ಕೋಲಿನ ಗಡಸುತನ. ಕೋಲನ್ನು 28 ಅಂಗುಲ ಅಂತರದ ಎರಡು ಆಸರೆಗಳ ಮೇಲಿಟ್ಟು, ನಟ್ಟನಡುವೆ 1.94 ಪೌಂಡ್, ಅಂದರೆ 880 ಗ್ರಾಂ ತೂಕ ತೂಗುಬಿಡುತ್ತಾರೆ. ಆಗ ಅದು ಎಷ್ಟು ಅಂಗುಲ ಬಾಗುತ್ತದೋ ಅದನ್ನು 1,000ದಿಂದ ಗುಣಿಸಿದರೆ ಬರುವುದೇ ಸ್ಪೈನ್ ಸಂಖ್ಯೆ. 0.400 ಅಂಗುಲ ಬಾಗಿದರೆ 400 ಸ್ಪೈನ್, 0.300 ಬಾಗಿದರೆ 300. ಸಂಖ್ಯೆ ಚಿಕ್ಕದಾದಷ್ಟೂ ಕೋಲು ಗಡಸು. ಹೆದೆ ಬಿಟ್ಟ ಕ್ಷಣದಲ್ಲಿ ಹಿಂದಿನಿಂದ ಬೀಳುವ ನೂಕಿಗೆ ಪ್ರತಿ ಬಾಣವೂ ಬಳುಕುತ್ತದೆ. ಆ ಬಳುಕು ಬಿಲ್ಲಿನ ಬಲಕ್ಕೆ ಹೊಂದಿದ್ದರೆ ಬಾಣ ಕೆಲವೇ ಗಜಗಳಲ್ಲಿ ಸ್ಥಿರವಾಗುತ್ತದೆ. ಮೆದುವಾದ ಕೋಲನ್ನು ಬಲವಾದ ಬಿಲ್ಲಿಗೆ ಹೂಡಿದರೆ ಬಾಣ ಬಾಲ ಅಲ್ಲಾಡಿಸುತ್ತಲೇ ಹೋಗುತ್ತದೆ. ತೀರ ಮೆದುವಾಗಿದ್ದರೆ ಹೆದೆ ಬಿಟ್ಟಾಗಲೇ ಮುರಿಯಬಹುದು, ಅದು ಕೈಗೆ ಅಪಾಯ.

ಬೇಕಾದ ಸ್ಪೈನ್ ಯಾವುದು ಎಂಬುದನ್ನು ಮೂರು ಸಂಗತಿಗಳು ತೀರ್ಮಾನಿಸುತ್ತವೆ: ಬಿಲ್ಲನ್ನು ಎಳೆಯಲು ಬೇಕಾದ ಬಲ, ಕತ್ತರಿಸಿದ ಮೇಲೆ ಉಳಿಯುವ ಕೋಲಿನ ಉದ್ದ, ಮುಂತುದಿಯ ತೂಕ. ಕೋಲು ಉದ್ದವಾದಷ್ಟೂ, ಮೊನೆ ಭಾರವಾದಷ್ಟೂ ಅದು ಹೆಚ್ಚು ಮೆದುವಾಗಿ ವರ್ತಿಸುತ್ತದೆ. 60 ಪೌಂಡಿನ, ತುದಿಗಳಲ್ಲಿ ರಾಟೆಯಿರುವ ಕಾಂಪೌಂಡ್ ಬಿಲ್ಲು, 28 ಅಂಗುಲದ ಬಾಣ, 100 ಗ್ರೇನಿನ ಮೊನೆ ಇದ್ದರೆ ತಯಾರಕರ ಪಟ್ಟಿಗಳು ಸಾಮಾನ್ಯವಾಗಿ 400ರ ಕಡೆಗೆ ಕೈ ತೋರಿಸುತ್ತವೆ. 70 ಪೌಂಡ್, 29 ಅಂಗುಲಕ್ಕೆ 340ರ ಕಡೆಗೆ. ಎರಡು ಸ್ಪೈನ್‌ಗಳ ನಡುವೆ ಅನುಮಾನ ಬಂದರೆ ಕಾಂಪೌಂಡ್ ಬಿಲ್ಲಿನ ಬೇಟೆಗಾರ ಗಡಸಿನ ಕಡೆ ವಾಲುವುದು ಕ್ಷೇಮ, ಏಕೆಂದರೆ ಅಗಲ ಅಲಗಿನ ಮೊನೆ ಹಾಕಿದಾಗ ಮೆದು ಕೋಲಿನ ತಪ್ಪು ಇಮ್ಮಡಿಯಾಗಿ ಕಾಣುತ್ತದೆ. ಒಂದೇ ಸರಣಿಯಲ್ಲಿ 500 ಸ್ಪೈನಿಗೂ 340 ಸ್ಪೈನಿಗೂ ಸಾಮಾನ್ಯವಾಗಿ ಬೆಲೆ ಒಂದೇ ಎಂಬುದನ್ನು ಗಮನಿಸಬೇಕು. ಕೋಲಿನ ಆಯ್ಕೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ತೀರ್ಮಾನಕ್ಕೆ ಒಂದು ಕಾಸೂ ಹೆಚ್ಚು ಖರ್ಚಿಲ್ಲ. ಡಜನ್‌ಗೆ 200 ಡಾಲರಿನ ತಪ್ಪು ಸ್ಪೈನಿನ ಕೋಲು, ಡಜನ್‌ಗೆ 80 ಡಾಲರಿನ ಸರಿಯಾದ ಸ್ಪೈನಿನ ಕೋಲಿನ ಮುಂದೆ ನಿಲ್ಲಲಾರದು.

ಈಗ ನೇರತನಕ್ಕೆ ಬರಬಹುದು. ±0.006 ಅಂಗುಲ ಎಂದರೆ ಕೋಲಿನ ಬಾಗು ಹೆಚ್ಚೆಂದರೆ 0.15 ಮಿಲಿಮೀಟರ್. ±0.003 ಎಂದರೆ ಸುಮಾರು 0.08 ಮಿಲಿಮೀಟರ್, ಹೆಚ್ಚುಕಡಿಮೆ ಒಂದು ತಲೆಗೂದಲಿನ ದಪ್ಪ. ±0.001 ಎಂದರೆ ಅದರ ಮೂರನೇ ಒಂದು ಪಾಲು. ಈ ಅಂಕಿಗಳಲ್ಲೂ ಒಂದು ಸೂಕ್ಷ್ಮವಿದೆ. ಎಷ್ಟು ಉದ್ದದ ಮೇಲೆ ಅಳೆದದ್ದು, ಡಜನ್‌ನ ಪ್ರತಿ ಕೋಲಿಗೂ ಅನ್ವಯಿಸುತ್ತದೋ ಸರಾಸರಿಗೋ ಎಂಬುದನ್ನು ಎಲ್ಲ ತಯಾರಕರೂ ಒಂದೇ ರೀತಿ ಹೇಳುವುದಿಲ್ಲ. ಹಾಗಾಗಿ ಒಂದು ಕಂಪನಿಯ 0.003ನ್ನು ಇನ್ನೊಂದರ 0.003ರ ಪಕ್ಕದಲ್ಲಿಟ್ಟು ತೂಗುವುದರಲ್ಲಿ ಹೆಚ್ಚು ಅರ್ಥವಿಲ್ಲ. ಒಂದೇ ಕಂಪನಿಯ ಎರಡು ದರ್ಜೆಗಳ ನಡುವೆ ಮಾತ್ರ ಆ ಹೋಲಿಕೆ ನಂಬಿಕೆಗೆ ಅರ್ಹ.

ಈ ಬಾಗು ಮೊನೆಯ ಮೇಲೆ ಎಷ್ಟು ಪರಿಣಾಮ ಬೀರುತ್ತದೆ ಎಂಬುದನ್ನು ಲೆಕ್ಕ ಹಾಕಿ ನೋಡಬಹುದು. 28 ಅಂಗುಲ ಉದ್ದಕ್ಕೆ 0.006 ಅಂಗುಲ ಸಮನಾಗಿ ಬಾಗಿದ ಕೋಲಿನ ತುದಿಯಲ್ಲಿ, 4 ಸೆಂಟಿಮೀಟರ್ ಉದ್ದದ ಅಲಗಿನ ಮೊನೆ ತನ್ನ ರೇಖೆಯಿಂದ ಸರಿಯುವುದು ಸುಮಾರು 0.03 ಮಿಲಿಮೀಟರ್. ಈಗ ಬಾಗೇ ಇಲ್ಲದ, ±0.001 ದರ್ಜೆಯ ಕೋಲನ್ನು ತೆಗೆದುಕೊಳ್ಳೋಣ. ಅದನ್ನು ಕತ್ತರಿಸಿದವರ ಕೈ ಸ್ವಲ್ಪ ಓರೆಯಾಗಿ, ಸುಮಾರು 7.5 ಮಿಲಿಮೀಟರ್ ವ್ಯಾಸದ ತುದಿಯ ಒಂದು ಅಂಚು ಇನ್ನೊಂದಕ್ಕಿಂತ 0.1 ಮಿಲಿಮೀಟರ್ ಎತ್ತರವಾಯಿತು ಎನ್ನೋಣ. ಇನ್ಸರ್ಟಿನ ಅಂಚು ಕೂರುವುದು ಆ ತುದಿಯ ಮೇಲೆ. ಮೊನೆ ಆ ಓರೆಯನ್ನು ಪೂರ್ತಿ ಹಿಂಬಾಲಿಸಿದರೆ ಅದರ ತುದಿ ಅರ್ಧ ಮಿಲಿಮೀಟರಿಗೂ ಹೆಚ್ಚು ಸರಿಯುತ್ತದೆ, ಅಂದರೆ ಅಗ್ಗದ ಕೋಲಿನ ಬಾಗಿನಿಂದ ಆಗುವುದಕ್ಕಿಂತ ಹದಿನೈದು ಪಟ್ಟು. ಇನ್ಸರ್ಟಿನ ಕಾಂಡ ಕೊಳವೆಯೊಳಗೆ ಬಿಗಿಯಾಗಿ ಕೂತು ಆ ಓರೆಯಲ್ಲಿ ಒಂದಷ್ಟನ್ನು ತಡೆಯುತ್ತದೆ ನಿಜ. ಅರ್ಧಕ್ಕರ್ಧ ತಡೆದರೂ ಉಳಿಯುವುದು ಏಳೆಂಟು ಪಟ್ಟು. ದುಬಾರಿ ಕೋಲು ಕೊಂಡು ತುದಿ ಸಮ ಮಾಡದೆ ಬಿಟ್ಟವರು ಕೊಟ್ಟ ಹಣವನ್ನು ಅಲ್ಲೇ ಕಳೆದುಕೊಂಡಂತೆ.

ತುದಿ ಸಮ ಮಾಡುವ ಕೆಲಸ ಕಷ್ಟದ್ದಲ್ಲ. ಕೋಲನ್ನು ವೇಗವಾಗಿ ತಿರುಗುವ ಉಜ್ಜುಚಕ್ರದ ಗರಗಸದಲ್ಲೇ ಕತ್ತರಿಸಬೇಕು. ಕೊಳಾಯಿ ಕತ್ತರಿಸುವ ಸಾಧನ ಹಾಕಿದರೆ ನಾರು ಸೀಳುತ್ತದೆ. ಕಾರ್ಬನ್ ದೂಳು ಶ್ವಾಸಕೋಶಕ್ಕೆ ಕೆಟ್ಟದ್ದಾದ್ದರಿಂದ ಮುಖಗವಸು ತಪ್ಪದೆ ಬೇಕು. ಕತ್ತರಿಸಿದ ಮೇಲೆ ತುದಿಯ ಅಂಚಿಗೆ ಮಾರ್ಕರ್ ಪೆನ್ನಿನಿಂದ ಸುತ್ತಲೂ ಬಣ್ಣ ಹಚ್ಚಿ, ಕೋಲನ್ನು ಆಸರೆಯ ಮೇಲಿಟ್ಟು ಸಣ್ಣ ಉಜ್ಜುಗಾಗದದ ಫಲಕಕ್ಕೆ ಒತ್ತಿ ಮೆಲ್ಲಗೆ ತಿರುಗಿಸುತ್ತಾರೆ. ಮೊದಲ ಕೆಲವು ಸುತ್ತಿಗೆ ಒಂದು ಬದಿಯ ಬಣ್ಣ ಮಾತ್ರ ಅಳಿಸುತ್ತದೆ, ಎದುರು ಬದಿ ಕಪ್ಪಾಗಿಯೇ ಉಳಿಯುತ್ತದೆ. ತುದಿ ಓರೆಯಾಗಿತ್ತು ಎಂಬುದಕ್ಕೆ ಅದೇ ಸಾಕ್ಷಿ. ಬಣ್ಣ ಸುತ್ತಲೂ ಒಂದೇ ಸಮ ಅಳಿಸಿದಾಗ ಕೆಲಸ ಮುಗಿಯಿತು. ಇನ್ಸರ್ಟ್ ಅಂಟಿಸಿ ಒಣಗಿದ ಮೇಲೆ ಮೊನೆಯ ಮೇಲೆ ಬಾಣವನ್ನು ನಿಲ್ಲಿಸಿ ಬುಗುರಿಯಂತೆ ತಿರುಗಿಸಿದರೆ ಅಲುಗಾಟ ಕಣ್ಣಿಗೂ ಬೆರಳಿಗೂ ಗೊತ್ತಾಗುತ್ತದೆ.

ಅಗ್ಗದ ದರ್ಜೆಯ ಕೋಲಿನ ನೇರತನವನ್ನು ಮನೆಯಲ್ಲೇ ಹೆಚ್ಚಿಸಿಕೊಳ್ಳುವ ದಾರಿಯೂ ಇದೆ. ಸುತ್ತಿ ಮಾಡಿದ ಕೊಳವೆಯಲ್ಲಿ ಬಾಗು ಹೆಚ್ಚಾಗಿ ಎರಡು ತುದಿಗಳಲ್ಲಿ ಇರುತ್ತದೆ. 32 ಅಂಗುಲದ ಕೋಲಿನಿಂದ 28 ಅಂಗುಲದ ಬಾಣ ಮಾಡುವವರಿಗೆ ನಾಲ್ಕು ಅಂಗುಲ ಕತ್ತರಿಸಿ ಬಿಡುವ ಅವಕಾಶವಿದೆ. ಅದನ್ನು ಒಂದೇ ಕಡೆಯಿಂದ ತೆಗೆಯುವ ಬದಲು, ಕೋಲನ್ನು ಉರುಳಿಸಿ ನೋಡಿ ಹೆಚ್ಚು ಅಲುಗುವ ತುದಿಯಿಂದ ಹೆಚ್ಚು, ಇನ್ನೊಂದರಿಂದ ಕಡಿಮೆ ತೆಗೆದರೆ 0.006 ದರ್ಜೆಯ ಎಷ್ಟೋ ಕೋಲುಗಳು 0.003ರ ಮಟ್ಟಕ್ಕೆ ಬರುತ್ತವೆ. ತೋಳು ಉದ್ದವಿದ್ದು 31 ಅಂಗುಲದ ಬಾಣ ಬೇಕಾದವರಿಗೆ ಈ ಅನುಕೂಲವಿಲ್ಲ. ಅವರು ಒಂದು ದರ್ಜೆ ಮೇಲಿನದನ್ನು ಕೊಂಡರೆ ಅದು ದುಂದಲ್ಲ.

ಬೇಟೆಗೆ ದುಬಾರಿ ದರ್ಜೆ ಬೇಕಿಲ್ಲ ಎಂಬುದನ್ನೇ ತೂಕದ ಅಂತರದ ಲೆಕ್ಕವೂ ಹೇಳುತ್ತದೆ. ಮಧ್ಯಮ ದರ್ಜೆಯ ಕೋಲುಗಳ ಮೇಲೆ ±2 ಗ್ರೇನ್ ಎಂದಿರುತ್ತದೆ, ಅಂದರೆ ಡಜನ್‌ನಲ್ಲಿ ಅತಿ ಹಗುರ ಮತ್ತು ಅತಿ ಭಾರದ ಕೋಲುಗಳ ನಡುವೆ ಹೆಚ್ಚೆಂದರೆ 4 ಗ್ರೇನ್. 400 ಗ್ರೇನಿನ ಬಾಣಕ್ಕೆ ಇದು ನೂರಕ್ಕೆ ಒಂದು ಪಾಲು. ಸೆಕೆಂಡಿಗೆ 280 ಅಡಿ ವೇಗದ ಬಾಣ 20 ಗಜ ಸಾಗುವಷ್ಟರಲ್ಲಿ ಸುಮಾರು 9 ಅಂಗುಲ ಕೆಳಗಿಳಿಯುತ್ತದೆ, 30 ಗಜಕ್ಕೆ ಸುಮಾರು 20 ಅಂಗುಲ. ನೂರಕ್ಕೆ ಒಂದರಷ್ಟು ತೂಕ ಹೆಚ್ಚಿದರೆ ಈ ಇಳಿತವೂ ನೂರಕ್ಕೆ ಒಂದಕ್ಕಿಂತ ತುಸು ಕಡಿಮೆ ಪ್ರಮಾಣದಲ್ಲಿ ಹೆಚ್ಚುತ್ತದೆ: 20 ಗಜದಲ್ಲಿ 2 ಮಿಲಿಮೀಟರ್, 30 ಗಜದಲ್ಲಿ ಸುಮಾರು 5 ಮಿಲಿಮೀಟರ್. ಬಿಳಿಬಾಲದ ಜಿಂಕೆಯ ಹೃದಯ ಮತ್ತು ಶ್ವಾಸಕೋಶಗಳ ಭಾಗವನ್ನು ಬೇಟೆ ಕಲಿಸುವವರು ಸುಮಾರು 8 ಅಂಗುಲ ವ್ಯಾಸದ, ಅಂದರೆ 20 ಸೆಂಟಿಮೀಟರಿನ ವೃತ್ತವೆಂದು ತೋರಿಸುತ್ತಾರೆ. ಆ ವೃತ್ತದೊಳಗೆ 5 ಮಿಲಿಮೀಟರಿಗೆ ಲೆಕ್ಕವಿಲ್ಲ. ಮರದ ಮೇಲಿನ ಅಟ್ಟಣಿಗೆಯಲ್ಲಿ ಚಳಿಗೆ ಮರಗಟ್ಟಿದ ಕೈಯಿಂದ, ದೂರವನ್ನು ಎರಡು ಗಜ ತಪ್ಪಾಗಿ ಅಂದಾಜು ಮಾಡಿ ಬಿಟ್ಟ ಬಾಣದ ತಪ್ಪು ಇದಕ್ಕಿಂತ ಎಷ್ಟೋ ದೊಡ್ಡದು.

ಇದೇ ಲೆಕ್ಕವನ್ನು ಸ್ಪರ್ಧೆಗೆ ಹಾಕಿದರೆ ಉತ್ತರ ಬದಲಾಗುತ್ತದೆ. ಕಾಂಪೌಂಡ್ ಬಿಲ್ಲಿನ ಸ್ಪರ್ಧೆ 50 ಮೀಟರ್ ದೂರದಿಂದ ನಡೆಯುತ್ತದೆ, ಹತ್ತು ಅಂಕದ ವೃತ್ತದ ವ್ಯಾಸ 8 ಸೆಂಟಿಮೀಟರ್. ಅಲ್ಲಿ ಆ 4 ಗ್ರೇನ್ ಅಂತರ ಸುಮಾರು ಒಂದೂವರೆ ಸೆಂಟಿಮೀಟರ್ ವ್ಯತ್ಯಾಸ ತರುತ್ತದೆ. ಹತ್ತರ ಅಂಚಿಗೆ ಹೋದ ಬಾಣ ಒಂಬತ್ತಕ್ಕೆ ಜಾರಲು ಅಷ್ಟು ಸಾಕು. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯನ್ನು ನಿಷೇಧಿಸಿರುವುದರಿಂದ ಇಲ್ಲಿ ಕಾರ್ಬನ್ ಬಾಣ ಕಾನೂನಿನ ಪ್ರಕಾರ ಕ್ರೀಡಾಂಗಣಕ್ಕೆ ಮಾತ್ರ ಸೇರಿದ್ದು. ಬೆಂಗಳೂರಿನಲ್ಲಿ ಸ್ಪರ್ಧೆಗೆ ಅಭ್ಯಾಸ ಮಾಡುವ ಬಿಲ್ಲುಗಾರರಿಗೆ ±0.001 ದರ್ಜೆ, ಅರ್ಧ ಗ್ರೇನಿನ ಹೊಂದಾಣಿಕೆ ನಿಜವಾಗಿಯೂ ಬೇಕಾಗುತ್ತದೆ. ಪೆನ್ಸಿಲ್ವೇನಿಯಾದಲ್ಲೋ ಟೆಕ್ಸಸ್‌ನಲ್ಲೋ ನೆಲೆಸಿ, ಪರವಾನಗಿ ಪಡೆದು ಕಾಡಿಗಿಳಿಯುವ ಕನ್ನಡಿಗರಿಗೆ ಅದು ಬೇಡ. ಇಬ್ಬರೂ ಅದೇ ಅಂಗಡಿಯ ಅದೇ ಕಪಾಟಿನ ಮುಂದೆ ನಿಲ್ಲುವುದರಿಂದ, ಒಬ್ಬರ ಅಗತ್ಯದ ಬೆಲೆಯನ್ನು ಇನ್ನೊಬ್ಬರು ತೆರುವುದು ಸಾಮಾನ್ಯವಾಗಿಬಿಟ್ಟಿದೆ.

ದರ್ಜೆಯ ಅಂಕಿಗಳಲ್ಲಿ ಕಾಣದ, ಆದರೆ ಬೇಟೆಗಾರನಿಗೆ ಅವೆಲ್ಲಕ್ಕಿಂತ ಮುಖ್ಯವಾದ ಒಂದು ಗುಣವಿದೆ: ಡಜನ್‌ನ ಎಲ್ಲ ಕೋಲುಗಳ ಗಡಸುತನ ಒಂದೇ ಆಗಿರುವುದು, ಹಾಗೂ ಒಂದೇ ಕೋಲಿನ ಸುತ್ತ ಎಲ್ಲ ದಿಕ್ಕಿನಲ್ಲೂ ಗಡಸುತನ ಒಂದೇ ಆಗಿರುವುದು. ಹಾಳೆಯನ್ನು ಸುತ್ತಿದಾಗ ಅದರ ಅಂಚು ಎಲ್ಲೋ ಒಂದು ಕಡೆ ಕೊನೆಯಾಗಲೇಬೇಕು. ಅಲ್ಲಿ ಪದರ ಒಂದು ಎಳೆ ಹೆಚ್ಚಾಗಿ ಆ ಬದಿ ಗಡಸಾಗುತ್ತದೆ. ಕೋಲು ಕೂದಲೆಳೆಯಷ್ಟೂ ಡೊಂಕಿಲ್ಲದೆ ಇದ್ದರೂ ಅದರ ಒಂದು ಬದಿ 390ರಂತೆ, ಇನ್ನೊಂದು ಬದಿ 410ರಂತೆ ಬಾಗಬಹುದು. ಅಂಥ ಡಜನ್‌ನಲ್ಲಿ ಗಡಸು ಬದಿ ಒಂದು ಬಾಣದಲ್ಲಿ ಮೇಲೆ, ಇನ್ನೊಂದರಲ್ಲಿ ಪಕ್ಕಕ್ಕೆ ಇದ್ದರೆ ಎರಡೂ ಬೇರೆಬೇರೆಯಾಗಿ ಬಳುಕಿ ಬೇರೆಬೇರೆ ಜಾಗಕ್ಕೆ ಹೋಗುತ್ತವೆ. ಅಭ್ಯಾಸದ ದುಂಡು ಮೊನೆಯಲ್ಲಿ ಗರಿಗಳು ಇದನ್ನು ತಿದ್ದಿಬಿಡುತ್ತವೆ. ಅಗಲ ಅಲಗಿನ ಮೊನೆ ಹಾಕಿದಾಗ ಮುಂತುದಿಯಲ್ಲೇ ಎರಡು ರೆಕ್ಕೆ ಕಟ್ಟಿದಂತಾಗಿ, ಗರಿಗಳ ಮಾತನ್ನು ಬಾಣ ಪೂರ್ತಿ ಕೇಳುವುದಿಲ್ಲ.

ಈ ಗುಣವನ್ನು ಡಬ್ಬಿಯ ಮೇಲೆ ಅಚ್ಚು ಹಾಕುವವರು ಕಡಿಮೆ. ನೇರತನ ಅಳೆಯುವುದು ಸುಲಭ, ಅಂಕಿ ಕೇಳಲು ಚೆನ್ನ, ಆದ್ದರಿಂದ ಮಾರಾಟ ಅದರ ಮೇಲೆ ನಿಂತಿದೆ. ಹೆಸರಿಲ್ಲದ ತೀರ ಅಗ್ಗದ ಕೋಲುಗಳು ಸೋಲುವುದೂ ಹೆಚ್ಚಾಗಿ ಇಲ್ಲಿಯೇ: ಅವು ಡೊಂಕಿರುವುದಿಲ್ಲ, ಆದರೆ ಒಂದರಂತೆ ಇನ್ನೊಂದು ಬಾಗುವುದಿಲ್ಲ. ಆದ್ದರಿಂದ ಅಗ್ಗ ಎಂದರೆ ಗುರುತಿರುವ ತಯಾರಕರ ಕೆಳ ಅಥವಾ ನಡು ದರ್ಜೆ ಎಂದೇ ಅರ್ಥಮಾಡಿಕೊಳ್ಳಬೇಕು. ಮೂಲವೇ ಗೊತ್ತಿಲ್ಲದ ಡಜನ್ ಕೊಂಡು ಉಳಿಸಿದ ಹಣ ಉಳಿತಾಯವಲ್ಲ. ಗಡಸು ಬದಿಯನ್ನು ಹುಡುಕಲು ಬಿಲ್ಲುಗಾರರು ಬಳಸುವ ವಿಧಾನಕ್ಕೆ ಖರ್ಚಿಲ್ಲ. ಗರಿಯಿಲ್ಲದ ಬರಿಯ ಕೋಲುಗಳನ್ನು ಹತ್ತಿಪ್ಪತ್ತು ಗಜದಿಂದ ಬಿಟ್ಟು, ಗುಂಪಿನಿಂದ ಹೊರಗೆ ಬಿದ್ದ ಕೋಲಿನ ನಾಕನ್ನು ಕಾಲು ಸುತ್ತು ತಿರುಗಿಸಿ ಮತ್ತೆ ಬಿಡುತ್ತಾರೆ. ಹೆಚ್ಚಿನ ಕೋಲುಗಳು ನಾಲ್ಕು ಸ್ಥಾನಗಳಲ್ಲಿ ಒಂದರಲ್ಲಿ ಗುಂಪಿಗೆ ಬಂದು ಸೇರುತ್ತವೆ. ಆ ಸ್ಥಾನ ಗುರುತಿಸಿ ಗರಿ ಅಂಟಿಸಿದರೆ ಆಯಿತು. ನಾಲ್ಕರಲ್ಲೂ ಸೇರದ ಒಂದೆರಡು ಉಳಿದರೆ ಅವು ಅಭ್ಯಾಸಕ್ಕೆ. ಗರಿ ಹಚ್ಚಿದ ಸಿದ್ಧ ಬಾಣಕ್ಕಿಂತ ಬರಿಯ ಕೋಲನ್ನೇ ಡಜನ್ ಲೆಕ್ಕದಲ್ಲಿ ಕೊಳ್ಳುವುದು ಮೇಲು ಎನ್ನುವುದಕ್ಕೆ ಮುಖ್ಯ ಕಾರಣ ಇದೇ.

ಬಾಣದ ಒಟ್ಟು ತೂಕದ ಪ್ರಶ್ನೆಯಲ್ಲಿ ವೇಗದ ಮೋಹ ಹಲವರನ್ನು ದಾರಿ ತಪ್ಪಿಸಿದೆ. ಬಿಲ್ಲಿನ ಜಾಹೀರಾತಿನಲ್ಲಿ ಕಾಣುವ ವೇಗ 70 ಪೌಂಡ್ ಬಲ, 30 ಅಂಗುಲ ಎಳೆತ, 350 ಗ್ರೇನ್ ಬಾಣದ್ದು, ಅಂದರೆ ಪೌಂಡಿಗೆ 5 ಗ್ರೇನ್. ಅದಕ್ಕಿಂತ ಹಗುರವಾದ ಬಾಣ ಬಿಲ್ಲಿಗೇ ಅಪಾಯ ಎಂದು ತಯಾರಕರೇ ಎಚ್ಚರಿಸುತ್ತಾರೆ. 350 ಗ್ರೇನಿನ ಬಾಣ ಸೆಕೆಂಡಿಗೆ 300 ಅಡಿ, ಅದೇ ಬಿಲ್ಲಿನಿಂದ 450 ಗ್ರೇನಿನದು 266 ಅಡಿ ವೇಗದಲ್ಲಿ ಹೋಗುತ್ತದೆ ಎಂದಿಟ್ಟುಕೊಂಡರೆ, ಎರಡರ ಚಲನಶಕ್ತಿಯೂ 70 ಅಡಿ-ಪೌಂಡ್ ಆಸುಪಾಸು. ಸಂವೇಗ ಮಾತ್ರ ಭಾರದ ಬಾಣದಲ್ಲಿ ನೂರಕ್ಕೆ 14ರಷ್ಟು ಹೆಚ್ಚು. ಚರ್ಮ, ಪಕ್ಕೆಲುಬು ದಾಟಿ ಇಳಿಯುವಾಗ ನೆರವಿಗೆ ಬರುವುದು ಈ ಸಂವೇಗ. ಬಾಣಗಳು ಪ್ರಾಣಿಯ ದೇಹದಲ್ಲಿ ಎಷ್ಟು ಆಳಕ್ಕೆ ಇಳಿಯುತ್ತವೆ ಎಂಬುದನ್ನು ಆಫ್ರಿಕಾದಲ್ಲಿ ದೀರ್ಘಕಾಲ ಪರೀಕ್ಷಿಸಿದ ಎಡ್ ಆ್ಯಶ್ಬಿ, ದಪ್ಪ ಮೂಳೆ ಮುರಿಯಲು 650 ಗ್ರೇನ್ ಬೇಕು ಎಂಬ ನಿಲುವಿಗೆ ಬಂದರು. ಕಾಡೆಮ್ಮೆಗೆ ಅದು ಒಪ್ಪುವ ಮಾತು. ಬಿಳಿಬಾಲದ ಜಿಂಕೆಗೆ ಅಷ್ಟು ಭಾರ ಅನಗತ್ಯ. ಬಾಣ ನಿಧಾನವಾಗಿ ದೂರದ ಅಂದಾಜಿನ ತಪ್ಪು ದುಬಾರಿಯಾಗುತ್ತದೆ. ಇಡಾಹೊ ರಾಜ್ಯದ ನಿಯಮ ದೊಡ್ಡ ಪ್ರಾಣಿಗಳ ಬೇಟೆಗೆ ಬಾಣ ಮತ್ತು ಮೊನೆ ಸೇರಿ ಕನಿಷ್ಠ 300 ಗ್ರೇನ್ ಇರಬೇಕೆನ್ನುತ್ತದೆ. ಅದು ಕೆಳಗಿನ ಮಿತಿ ಅಷ್ಟೇ. ಜಿಂಕೆಗೆ 400ರಿಂದ 475, ಅದಕ್ಕಿಂತ ದೊಡ್ಡದಾದ ಎಲ್ಕ್‌ಗೆ 450ರಿಂದ 525 ಗ್ರೇನ್ ಹೆಚ್ಚಿನ ಬೇಟೆಗಾರರಿಗೆ ಹೊಂದುವ ನಡುದಾರಿ.

ಬೆಲೆಯ ದೃಷ್ಟಿಯಿಂದ ಇದೊಂದು ಸಿಹಿಸುದ್ದಿ. ಅಂಗುಲಕ್ಕೆ 8ರಿಂದ 9.5 ಗ್ರೇನ್ ತೂಗುವ, ಗೋಡೆ ತುಸು ದಪ್ಪನೆಯ ಸಾದಾ ಕೋಲುಗಳು ಬಹುಪಾಲು ಕೆಳ ಮತ್ತು ನಡು ಬೆಲೆಯ ಸರಣಿಗಳಲ್ಲೇ ಇವೆ, ಮತ್ತು ಅವು ಪೆಟ್ಟು ತಾಳುತ್ತವೆ. ಹಗುರವೂ ಗಡಸೂ ಆದ ಕೋಲಿಗೆ ಹೆಚ್ಚು ಗುಣಮಟ್ಟದ ನಾರು ಬೇಕು, ಅದಕ್ಕೆ ಹಣ ಹೆಚ್ಚು, ಗೋಡೆಯೂ ತೆಳು. ಮುಂತುದಿಗೆ ಭಾರ ಸೇರಿಸಬೇಕೆನಿಸಿದರೆ ದುಬಾರಿ ಕೋಲಿಗಿಂತ ಹಿತ್ತಾಳೆಯ ಇನ್ಸರ್ಟ್ ಅಗ್ಗದ ದಾರಿ. ಬಾಣದ ಸಮತೋಲನ ಬಿಂದು ನಡುಮಧ್ಯದಿಂದ ಉದ್ದದ ನೂರಕ್ಕೆ 10ರಿಂದ 15 ಪಾಲಿನಷ್ಟು ಮುಂದಿದ್ದರೆ ಸಾಕು.

ವ್ಯಾಸ ಇನ್ನೊಂದು ಆಕರ್ಷಣೆ. ಒಳವ್ಯಾಸ 6.2 ಮಿಲಿಮೀಟರ್ ಇರುವುದು ಹಳೆಯ, ಎಲ್ಲೆಡೆ ಸಿಗುವ ಅಳತೆ. ಆಮೇಲೆ 5 ಮಿಲಿಮೀಟರಿನದು ಬಂತು, ಈಗ 4 ಮಿಲಿಮೀಟರಿನದು ಫ್ಯಾಷನ್. ತೆಳುವಾದ ಕೋಲಿಗೆ ಅಡ್ಡಗಾಳಿ ಕಡಿಮೆ ತಾಗುತ್ತದೆ, ಇಳಿಯುವಾಗ ಉಜ್ಜಾಟವೂ ಕಡಿಮೆ. ಬಯಲು ಸೀಮೆಯಲ್ಲಿ 50, 60 ಗಜದಿಂದ ಬಾಣ ಬಿಡುವ ಪಶ್ಚಿಮದ ರಾಜ್ಯಗಳ ಬೇಟೆಗಾರರಿಗೆ ಇದರಿಂದ ಲಾಭವಿದೆ. ಆದರೆ 4 ಮಿಲಿಮೀಟರ್ ಕೊಳವೆಯೊಳಗೆ ಸಾಮಾನ್ಯ ಮೊನೆಯ ತಿರುಪು ಹಿಡಿಸುವುದಿಲ್ಲ. ಹೊರಗಿನಿಂದ ಕೂರಿಸುವ ವಿಶೇಷ ಜೋಡಣೆ ಬೇಕು. ಅದರ ಬೆಲೆ ಪ್ರತ್ಯೇಕ, ಸರಿಯಾಗಿ ಕೂರಿಸದಿದ್ದರೆ ಮೊನೆ ಓರೆಯಾಗುವ ಭಯವೂ ಪ್ರತ್ಯೇಕ. ಪೂರ್ವದ ಕಾಡುಗಳಲ್ಲಿ 25 ಗಜದೊಳಗೆ ಜಿಂಕೆಗಾಗಿ ಕಾಯುವವರಿಗೆ 6.2 ಮಿಲಿಮೀಟರ್ ಕೋಲು ಸಾಲದು ಎನ್ನಲು ಆಧಾರವಿಲ್ಲ. ಹೆಚ್ಚು ಗಾಳಿಯ ಜಾಗಕ್ಕೆ 5 ಮಿಲಿಮೀಟರ್ ತೆಗೆದುಕೊಂಡರೆ ಖರ್ಚು ಮಿತಿಯಲ್ಲೇ ಉಳಿಯುತ್ತದೆ.

ಬೆಲೆಯಲ್ಲಿ ಸರ್ಕಾರದ ಪಾಲೂ ಇದೆ. ಅಮೆರಿಕದಲ್ಲಿ 2005ರಿಂದ ಪ್ರತಿ ಬಾಣದ ಕೋಲಿಗೆ ಇಷ್ಟು ಎಂದು ಕೇಂದ್ರದ ಅಬಕಾರಿ ತೆರಿಗೆ ಬೀಳುತ್ತದೆ. ಆರಂಭದಲ್ಲಿ ಅದು 39 ಸೆಂಟ್ ಇತ್ತು. ಹಣದುಬ್ಬರಕ್ಕೆ ತಕ್ಕಂತೆ ಏರಿ ಈಗ ಅರ್ಧ ಡಾಲರ್ ದಾಟಿದೆ. ಕೋಲು ಅಗ್ಗವಾಗಲಿ ದುಬಾರಿಯಾಗಲಿ ತೆರಿಗೆ ಅಷ್ಟೇ ಆದ್ದರಿಂದ ಅಗ್ಗದ ಕೋಲಿನ ಮೇಲೆ ಅದರ ಭಾರ ಹೆಚ್ಚು. ತೀರ ಕೆಳದರ್ಜೆಯ ಕೋಲಿನ ಬೆಲೆ ಒಂದು ಮಟ್ಟಕ್ಕಿಂತ ಕೆಳಗೆ ಇಳಿಯದಿರಲು ಇದೂ ಒಂದು ಕಾರಣ. ಈ ಹಣ 1937ರ ಪಿಟ್ಮನ್-ರಾಬರ್ಟ್‌ಸನ್ ಕಾಯ್ದೆಯಡಿ ರಾಜ್ಯಗಳ ವನ್ಯಜೀವಿ ಸಂರಕ್ಷಣೆಗೆ ಹೋಗುತ್ತದೆ. ಕೊಡಲು ಬೇಸರಪಡಬೇಕಿಲ್ಲದ ತೆರಿಗೆ ಅದು.

ಉಳಿದ ಖರ್ಚನ್ನು ಕಡಿಮೆ ಮಾಡುವ ದಾರಿಗಳು ಸರಳ. ಕಂಪನಿಗಳು ಪದೇಪದೇ ಬಣ್ಣ, ಚಿತ್ರ, ಹೆಸರು ಬದಲಿಸುತ್ತವೆ. ಹಳೆಯ ಹೆಸರಿನ ದಾಸ್ತಾನು ಆಗ ಕಡಿಮೆ ಬೆಲೆಗೆ ಹೋಗುತ್ತದೆ, ಒಳಗಿನ ಕೊಳವೆ ಅದೇ ಇರುತ್ತದೆ. ಕಾಡಿನ ಎಲೆಗಳ ಚಿತ್ರ ಅಚ್ಚಾದ ಕೋಲಿಗೆ ಹೆಚ್ಚು ಕೊಡುವುದರಲ್ಲಿ ಏನೂ ಸಿಗುವುದಿಲ್ಲ. ಬಿಟ್ಟ ಬಾಣವನ್ನು ಒಣಗಿದೆಲೆಗಳ ನಡುವೆ ಹುಡುಕುವವರಿಗೆ ಅದು ತೊಂದರೆಯೇ. ಅಭ್ಯಾಸಕ್ಕೂ ಬೇಟೆಗೂ ಒಂದೇ ಕೋಲನ್ನು ಬಳಸಬೇಕು. ದುಬಾರಿ ಡಜನ್ ಕೊಂಡವರು ಅದನ್ನು ಬೇಟೆಯ ಋತುವಿಗೆಂದು ಎತ್ತಿಟ್ಟು ಬೇರೆ ಬಾಣದಿಂದ ಅಭ್ಯಾಸ ಮಾಡಿದರೆ, ಕಾಡಿನಲ್ಲಿ ಅವರ ಕೈಗೆ ಬರುವುದು ಪರಿಚಯವಿಲ್ಲದ ಬಾಣ. ನಡುಬೆಲೆಯ ಎರಡು ಡಜನ್ ಕೊಂಡು ಬೇಸಿಗೆಯಿಡೀ ಅವನ್ನೇ ಬಿಟ್ಟವರ ಕೈ ಹೆಚ್ಚು ಪಳಗಿರುತ್ತದೆ. ಉಳಿದ ಹಣ ಹರಿತವಾದ ಅಲಗಿನ ಮೊನೆಗೆ ಹೋದರೆ ಅದು ಸಾರ್ಥಕ ಖರ್ಚು, ಏಕೆಂದರೆ ಪ್ರಾಣಿ ಬೇಗ, ಕಡಿಮೆ ನೋವಿನಲ್ಲಿ ಸಾಯುವುದು ಅಲಗಿನ ಹರಿತದಿಂದ ಮತ್ತು ಸರಿಯಾದ ಜಾಗಕ್ಕೆ ಬಿದ್ದ ಬಾಣದಿಂದ. ಗಾಯಗೊಂಡು ತಪ್ಪಿಸಿಕೊಂಡ ಜಿಂಕೆಗೆ ಕೋಲಿನ ದರ್ಜೆ ಸಮಾಧಾನ ಕೊಡಲಾರದು.

ಕೊನೆಯದಾಗಿ ಸುರಕ್ಷತೆಯ ಮಾತು. ಇಲ್ಲಿ ಬೆಲೆಯ ವಿಚಾರಕ್ಕೆ ಇನ್ನೊಂದು ಮುಖವಿದೆ. ಕಾರ್ಬನ್ ಕೋಲು ಬಂಡೆಗೋ ಇನ್ನೊಂದು ಬಾಣಕ್ಕೋ ತಾಗಿದರೆ ಒಳಗೆ ನಾರು ತುಂಡಾಗಿದ್ದರೂ ಹೊರಗೆ ಸಣ್ಣ ಗೀರು ಮಾತ್ರ ಕಾಣಬಹುದು. ಅಂಥ ಕೋಲನ್ನು ಪೂರ್ತಿ ಎಳೆದ ಬಿಲ್ಲಿನಿಂದ ಬಿಟ್ಟರೆ ಅದು ಸಿಡಿದು, ಸೂಜಿಯಂಥ ಚೂರುಗಳು ಬಿಲ್ಲು ಹಿಡಿದ ಕೈಯೊಳಗೆ ನುಗ್ಗಬಹುದು. ಪ್ರಾಣಿಯ ದೇಹದಲ್ಲಿ ಮುರಿದರೆ ಸುತ್ತಲಿನ ಮಾಂಸವನ್ನು ಧಾರಾಳವಾಗಿ ಕತ್ತರಿಸಿ ಎಸೆಯಬೇಕು. ಆ ಚೂರುಗಳು ತಿನ್ನುವವರ ಹೊಟ್ಟೆ ಸೇರಬಾರದು. ಆದ್ದರಿಂದ ಪ್ರತಿ ಸಲ ಬಿಡುವ ಮುನ್ನ ಕೋಲನ್ನು ಎರಡೂ ಕೈಯಲ್ಲಿ ಹಿಡಿದು ನಾಲ್ಕೂ ದಿಕ್ಕಿಗೆ ಮೆಲ್ಲಗೆ ಬಾಗಿಸಬೇಕು, ಕಿವಿಗೊಟ್ಟು ಚಟಪಟ ಸದ್ದು ಕೇಳುತ್ತದೆಯೇ ನೋಡಬೇಕು, ಬೆರಳು ಸವರಿ ಎದ್ದ ನಾರು ಇದೆಯೇ ನೋಡಬೇಕು. ಅನುಮಾನ ಬಂದ ಕೋಲನ್ನು ಇನ್ನಾರೂ ಬಳಸದಂತೆ ಮುರಿದು ಎಸೆಯಬೇಕು. 18 ಡಾಲರಿನ ಕೋಲನ್ನು ಮುರಿಯಲು ಮನಸ್ಸು ಹಿಂಜರಿಯುತ್ತದೆ, ಇನ್ನೊಂದು ಸಲ ನೋಡೋಣ ಎನ್ನುತ್ತದೆ. 7 ಡಾಲರಿನ ಕೋಲು ಕೊಂಡವರಿಗೆ ಆ ಹಿಂಜರಿಕೆ ಕಡಿಮೆ, ಅವರ ಕೈ ಅಷ್ಟರಮಟ್ಟಿಗೆ ಹೆಚ್ಚು ಕ್ಷೇಮ.